ಗೀರದೆ ಪರೀಕ್ಷಿಸುವುದು ಹೇಗೆ? – ಏರ್‌ಬ್ಯಾಗ್ ದೀಪದ ಇತಿಹಾಸ

ಬೆಂಕಿಕಡ್ಡಿ ಹತ್ತುತ್ತದೆಯೇ ಇಲ್ಲವೇ ಎಂದು ತಿಳಿಯಲು ಗೀರಿಯೇ ನೋಡಬೇಕು. ಗೀರಿದ ಮೇಲೆ ಆ ಕಡ್ಡಿ ಉಪಯೋಗಕ್ಕೆ ಬಾರದು. ಕಾರಿನ ಏರ್‌ಬ್ಯಾಗ್, ಅಂದರೆ ಗಾಳಿಚೀಲವೂ ಇಂಥದೇ ಸಾಧನ. ಅದು ಕೆಲಸ ಮಾಡುವುದು ಒಂದೇ ಬಾರಿ. ಆ ಒಂದು ಬಾರಿ ಅದು ತಪ್ಪುವಂತಿಲ್ಲ. ಹಾಗಾದರೆ ಅದು ಸಿದ್ಧವಾಗಿದೆಯೆಂದು ಚಾಲಕನಿಗೆ ಗೊತ್ತಾಗುವುದು ಹೇಗೆ? ಕಾರಿನ ಕೀಲಿ ತಿರುಗಿಸಿದಾಗ ಕೆಲವು ಸೆಕೆಂಡು ಬೆಳಗಿ ಆರುವ ಚಿಕ್ಕ ದೀಪವೊಂದರ ಹಿಂದೆ ಈ ಪ್ರಶ್ನೆಯ ಇತಿಹಾಸವಿದೆ.

1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಎಂಜಿನಿಯರ್ ಜಾನ್ ಹೆಟ್ರಿಕ್ ಪತ್ನಿ ಮತ್ತು ಪುಟ್ಟ ಮಗಳೊಂದಿಗೆ ಕಾರಿನಲ್ಲಿ ಹೋಗುತ್ತಿದ್ದರು. ಎದುರಿಗೆ ಅಡ್ಡಿ ಕಂಡು ಬ್ರೇಕ್ ಒತ್ತಿ ಕಾರನ್ನು ಪಕ್ಕಕ್ಕೆ ತಿರುಗಿಸಿದಾಗ ಅದು ಹಳ್ಳಕ್ಕಿಳಿಯಿತು. ಮಗಳ ತಲೆಗೆ ಪೆಟ್ಟಾಗದಂತೆ ತಂದೆತಾಯಿ ಇಬ್ಬರೂ ಕೈ ಅಡ್ಡ ಹಿಡಿದರು. ಕೈಯ ಬದಲು ಮೆತ್ತನೆಯ ವಸ್ತುವೊಂದು ತಾನಾಗಿ ಅಡ್ಡ ಬಂದರೆ ಹೇಗೆ ಎಂದು ಹೆಟ್ರಿಕ್ ಯೋಚಿಸಿದರು. ನೌಕಾಪಡೆಯಲ್ಲಿದ್ದಾಗ ಟಾರ್ಪೆಡೊ ಒಂದರ ಸಂಪೀಡಿತ ಗಾಳಿ ಹಠಾತ್ತನೆ ಹೊರನುಗ್ಗಿ, ಮೇಲೆ ಹೊದಿಸಿದ್ದ ಕ್ಯಾನ್ವಾಸ್ ಸೂರಿಗೆ ಚಿಮ್ಮಿದ್ದು ಅವರಿಗೆ ನೆನಪಾಯಿತು. 1953ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಜರ್ಮನಿಯ ವಾಲ್ಟರ್ ಲಿಂಡರರ್ ಅವರಿಗೂ ಅದೇ ವರ್ಷ ಇಂಥದೇ ಪೇಟೆಂಟ್ ಸಿಕ್ಕಿತು.

ಆದರೆ ಸಂಪೀಡಿತ ಗಾಳಿಯ ವೇಗ ಸಾಲದು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. 30 ಮಿಲಿಸೆಕೆಂಡಿನಲ್ಲಿ ಕಾರು ಸುಮಾರು 40 ಸೆಂಟಿಮೀಟರ್ ಕ್ರಮಿಸಿರುತ್ತದೆ. ಚೀಲ ತುಂಬಲು ಇರುವ ಕಾಲ ಅಷ್ಟೇ. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು! ಆದ್ದರಿಂದ ರಾಸಾಯನಿಕ ಕ್ರಿಯೆಯಿಂದ ಅನಿಲ ಉತ್ಪಾದಿಸುವ ವಿಧಾನ ಬಂತು. ಸೋಡಿಯಂ ಅಜೈಡ್ ವಿಘಟನೆಗೊಂಡು ನೈಟ್ರೊಜನ್ ಕೊಡುತ್ತದೆ. ಅದು ವಿಷಕಾರಿಯಾದ್ದರಿಂದ ಮುಂದೆ ಬೇರೆ ರಾಸಾಯನಿಕಗಳು ಅದರ ಸ್ಥಾನಕ್ಕೆ ಬಂದವು.

ಡಿಕ್ಕಿಯನ್ನು ಗುರುತಿಸಲು ಅಮೆರಿಕದ ಆಲೆನ್ ಬ್ರೀಡ್ 1960ರ ದಶಕದ ಕೊನೆಯಲ್ಲಿ ಸರಳ ಸಂವೇದಕವೊಂದನ್ನು ರೂಪಿಸಿದರು. ಕೊಳವೆಯೊಳಗೆ ಉಕ್ಕಿನ ಗುಂಡನ್ನು ಕಾಂತವೊಂದು ಹಿಡಿದಿರುತ್ತದೆ. ಕಾರಿನ ವೇಗ ಹಠಾತ್ತನೆ ಕುಗ್ಗಿದಾಗ ಗುಂಡು ಜಡತ್ವದಿಂದ ಮುಂದೆ ಸರಿದು ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುತ್ತದೆ. 1970ರ ದಶಕದಲ್ಲಿ ಜನರಲ್ ಮೋಟರ್ಸ್ ಸುಮಾರು 10,000 ಗಾಳಿಚೀಲದ ಕಾರುಗಳನ್ನು ಮಾರಿತು. ಅಮೆರಿಕದ ಸುರಕ್ಷತಾ ಮಾನಕ 208, ಇಂಥ ಕಾರಿನಲ್ಲಿ ಸಿದ್ಧತೆಯನ್ನು ತಿಳಿಸುವ ಸೂಚಕ ಇರಬೇಕು, ಆ ಸೂಚಕ ತನ್ನನ್ನೂ ಪರೀಕ್ಷಿಸಿಕೊಳ್ಳಬೇಕು ಎಂದು ವಿಧಿಸುತ್ತದೆ. ಕೀಲಿ ತಿರುಗಿಸಿದೊಡನೆ ದೀಪ ಒಮ್ಮೆ ಬೆಳಗುವುದು ಇದಕ್ಕಾಗಿ. ಅದು ಬೆಳಗದಿದ್ದರೂ ದೋಷವೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚೀಲದ ಕಿಡಿಕಾರಕದಲ್ಲಿ ಸುಮಾರು 2 ಓಮ್ ರೋಧದ ಸೂಕ್ಷ್ಮ ತಂತಿಯಿದೆ. ಸುಮಾರು 1.2 ಆಂಪಿಯರ್ ಹರಿದರೆ ಅದು ಕಾದು ಕಿಡಿ ಹೊತ್ತಿಸುತ್ತದೆ. ಪರೀಕ್ಷೆಗೆ 40 ಮಿಲಿಆಂಪಿಯರ್ ಮಾತ್ರ ಹರಿಸಿದೆವು ಎಂದಿಟ್ಟುಕೊಳ್ಳಿ. ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ, ಪ್ರವಾಹ 30 ಪಟ್ಟು ಕಡಿಮೆಯಾದರೆ ಶಾಖ 900 ಪಟ್ಟು ಕಡಿಮೆ. ಕಿಡಿ ಹತ್ತುವುದಿಲ್ಲ, ಆದರೆ ಓಮ್‌ನ ನಿಯಮದಿಂದ ರೋಧ ತಿಳಿಯುತ್ತದೆ. ರೋಧ ಮಿತಿಯ ಆಚೆ ಹೋದರೆ ನಿಯಂತ್ರಕವು ದೋಷದ ಸಂಕೇತವನ್ನು ಸ್ಮೃತಿಯಲ್ಲಿಟ್ಟು ದೀಪ ಹಚ್ಚುತ್ತದೆ. ಪಿಯುಸಿಯ ಎರಡು ನಿಯಮಗಳೇ ಇಲ್ಲಿ ಕಾವಲುಗಾರರು.

ಕೆಲವು ವರ್ಷಗಳ ಹಿಂದೆ ನನ್ನ ಕಾರಿನಲ್ಲಿ ಈ ದೀಪ ಆರದೇ ಉಳಿಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು, "ಸಾರ್, ಎರಡು ಓಮ್‌ನ ರೆಸಿಸ್ಟರ್ ಒಂದನ್ನು ಹಾಕಿಬಿಟ್ಟರೆ ದೀಪ ಆರುತ್ತೆ" ಎಂದರು. ಓಮ್‌ನ ನಿಯಮದ ಪ್ರಕಾರ ಅವರ ಮಾತು ಸರಿ. ಆದರೆ ಆಗ ಆರುವುದು ದೀಪ ಮಾತ್ರ. ಡಿಕ್ಕಿಯಾದಾಗ ಪ್ರವಾಹ ಆ ರೆಸಿಸ್ಟರನ್ನು ಬಿಸಿ ಮಾಡುತ್ತದೆಯೇ ಹೊರತು ಚೀಲ ಅರಳುವುದಿಲ್ಲ. ನಾನು ಒಪ್ಪಲಿಲ್ಲ. ಬೇರೊಂದು ಕಾರ್ಯಾಗಾರದಲ್ಲಿ ಸ್ಕ್ಯಾನರ್ ಜೋಡಿಸಿ ನೋಡಿದಾಗ ಸೀಟಿನ ಮಂಡಲದಲ್ಲಿ ರೋಧ ಹೆಚ್ಚಿದ್ದು ಕಂಡುಬಂತು. ಸೀಟಿನ ಕೆಳಗೆ ನಾನೇ ತುರುಕಿದ್ದ ಕೊಡೆ ಹಳದಿ ಕನೆಕ್ಟರನ್ನು ಸಡಿಲಗೊಳಿಸಿತ್ತು!

ಹಾಗಾದರೆ ಮನೆಯಲ್ಲಿ ನಾವು ಏನು ಮಾಡಬಹುದು? ದೀಪ ಯಾವಾಗಿನಿಂದ ಉಳಿದಿದೆ, ಅದಕ್ಕೆ ಮುಂಚೆ ಸೀಟು ಸರಿಸಿದ್ದೆವೇ, ಬ್ಯಾಟರಿ ಬದಲಿಸಿದ್ದೆವೇ ಎಂದು ಬರೆದಿಟ್ಟುಕೊಳ್ಳಬಹುದು. ಸೀಟಿನ ಕೆಳಗಿನ ಸಾಮಾನು ತಂತಿಗೆ ತಾಗುತ್ತಿದೆಯೇ ಎಂದು ಟಾರ್ಚ್ ಹಿಡಿದು ನೋಡಬಹುದು. ದೋಷದ ಸಂಕೇತವನ್ನು ಓದಿಸಬಹುದು. ಆದರೆ ಹಳದಿ ಕನೆಕ್ಟರನ್ನು ಬಿಚ್ಚುವುದಾಗಲಿ, ಮಲ್ಟಿಮೀಟರಿನಿಂದ ಕಿಡಿಕಾರಕದ ರೋಧ ಅಳೆಯುವುದಾಗಲಿ ಸಲ್ಲದು. ಮೀಟರ್ ಹರಿಸುವ ಪ್ರವಾಹವೇ ಚೀಲವನ್ನು ಸಿಡಿಸಬಹುದು. ಬ್ಯಾಟರಿ ತೆಗೆದ ತಕ್ಷಣ ಅಪಾಯ ಹೋಗದು. ಡಿಕ್ಕಿಯಲ್ಲಿ ಬ್ಯಾಟರಿಯ ಸಂಪರ್ಕ ಕಡಿದರೂ ಚೀಲ ಅರಳಲೆಂದು ನಿಯಂತ್ರಕದೊಳಗಿನ ಧಾರಕವು ಶಕ್ತಿಯನ್ನು ಕೂಡಿಟ್ಟಿರುತ್ತದೆ. ತಂತ್ರಜ್ಞರು ಕೈಪಿಡಿ ಹೇಳಿದಷ್ಟು ಹೊತ್ತು ಕಾಯುವುದು ಇದೇ ಕಾರಣಕ್ಕೆ.

ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಚಾಲಕನ ಗಾಳಿಚೀಲ ಕಡ್ಡಾಯವಾಯಿತು. ಹಾಗಾಗಿ ಈ ದೀಪ ಇಂದು ಸಣ್ಣ ಕಾರಿನಲ್ಲೂ ಇದೆ. ದೀಪ ಆರಿಸುವುದು ಸುಲಭ, ಅದು ಏಕೆ ಬೆಳಗಿತೆಂದು ಕೇಳುವುದೇ ವಿಜ್ಞಾನದ ಅಭ್ಯಾಸ. ಮುಂದಿನ ಬಾರಿ ಜೂಲ್‌ನ ನಿಯಮ ಪಾಠ ಮಾಡುವಾಗ ಶಿಕ್ಷಕರು ಈ 900 ಪಟ್ಟಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.