ಕೊಡೆಯ ಕಥೆ ಮತ್ತು ಕಲ್ಲಿನ ಮಂಟಪ: ಪ್ಯಾರಿಸ್‌ನ ಲೆ ಆಲ್ ಮಾರುಕಟ್ಟೆಯ ಕಬ್ಬಿಣ ಕುರಿತು

ಪ್ಯಾರಿಸ್‌ನ ಕೇಂದ್ರ ಮಾರುಕಟ್ಟೆ ಲೆ ಆಲ್ ಕಬ್ಬಿಣದಲ್ಲಿ ಎದ್ದುನಿಂತದ್ದು ನಗರದ ಪ್ರಿಫೆಕ್ಟ್ (ಸರ್ಕಾರ ನೇಮಿಸಿದ ಪ್ರಾಂತ್ಯಾಧಿಕಾರಿ) ಆಗಿದ್ದ ಬ್ಯಾರನ್ ಓಸ್ಮಾನನ ಹಟದಿಂದ ಎಂಬ ಮಾತು ವಾಸ್ತುಶಿಲ್ಪದ ಇತಿಹಾಸಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದಕ್ಕೆ ಆಧಾರವೇನೆಂದು ಕೇಳುವುದೇ ಅಸಭ್ಯವೆನಿಸುವಷ್ಟು. ಆಧಾರ ಇರುವುದು ಒಂದೇ, ಓಸ್ಮಾನನ ಆತ್ಮಕಥನ. ಚಕ್ರವರ್ತಿ ಮೂರನೆಯ ನೆಪೋಲಿಯನ್ ತನಗೆ ಬೇಕಾದದ್ದು ದೊಡ್ಡ ಕೊಡೆಗಳಷ್ಟೇ ಎಂದು ಹೇಳಿ ಪೆನ್ಸಿಲ್‌ನಲ್ಲಿ ನಾಲ್ಕು ಗೆರೆ ಎಳೆದನೆಂದೂ, ಕಲ್ಲನ್ನೇ ನೆಚ್ಚಿಕೊಂಡಿದ್ದ ವಾಸ್ತುಶಿಲ್ಪಿ ವಿಕ್ತರ್ ಬಾಲ್ತಾರನನ್ನು ಕಬ್ಬಿಣದತ್ತ ತಿರುಗಿಸಲು ತಾನು ಮತ್ತೆ ಮತ್ತೆ ಗದರಬೇಕಾಯಿತೆಂದೂ, ಕೊನೆಗೆ ಒಪ್ಪಿಗೆಯಾದ ನಕ್ಷೆಯನ್ನು ಕಂಡು ಬೆರಗಾದ ಚಕ್ರವರ್ತಿಗೆ ವಾಸ್ತುಶಿಲ್ಪಿ ಅವನೇ, ಬದಲಾದದ್ದು ಪ್ರಿಫೆಕ್ಟ್ ಮಾತ್ರ ಎಂದು ಉತ್ತರಿಸಿದೆನೆಂದೂ ಅದರಲ್ಲಿ ಹೇಳಿದೆ. ಕಥೆ ಸೊಗಸಾಗಿದೆ, ಅದರ ನಾಯಕನೂ ನಿರೂಪಕನೂ ಒಬ್ಬನೇ ಎಂಬುದನ್ನು ಮಾತ್ರ ಅದನ್ನು ಉದ್ಧರಿಸುವವರು ಗಮನಿಸುವುದಿಲ್ಲ.

ಮೊದಲಿಗೆ ಕಾಲಾನುಕ್ರಮ. ಆತ್ಮಕಥನದ ಸಂಪುಟಗಳು ಅಚ್ಚಾದದ್ದು 1890ರಿಂದ 1893ರ ನಡುವೆ, ಅಂದರೆ ಘಟನೆ ನಡೆದು ಸುಮಾರು ನಾಲ್ಕು ದಶಕಗಳ ಮೇಲೆ. ಬಾಲ್ತಾರ್ 1874ರಲ್ಲೇ ತೀರಿಕೊಂಡಿದ್ದುದರಿಂದ ಪ್ರತಿವಾದಿ ಇಲ್ಲದ ಕಟಕಟೆಯಲ್ಲಿ ಹೇಳಿದ ಸಾಕ್ಷ್ಯವಿದು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕಲ್ಲಿನ ಮೊದಲ ಮಂಟಪದ ಕೆಲಸ ಚಕ್ರವರ್ತಿಯ ಆಜ್ಞೆಯಿಂದ ನಿಂತದ್ದು 1853ರ ಜೂನ್ ಮೊದಲ ಭಾಗದಲ್ಲಿ. ಆಗ ಓಸ್ಮಾನ್ ಇನ್ನೂ ಬೋರ್ದೊದಲ್ಲಿ ಪ್ರಿಫೆಕ್ಟನಾಗಿದ್ದು, ಪ್ಯಾರಿಸ್‌ನ ಅಧಿಕಾರ ಅವನ ಕೈಗೆ ಬಂದದ್ದು ಆ ತಿಂಗಳ ಕೊನೆಯಲ್ಲಿ. ಕಲ್ಲನ್ನು ತಿರಸ್ಕರಿಸಿದ ನಿರ್ಧಾರದಲ್ಲಿ ಅವನ ಪಾಲಿರಲು ಸಾಧ್ಯವೇ ಇರಲಿಲ್ಲ. (ಅವನೂ ಬಾಲ್ತಾರನೂ ಶಾಲೆಯ ಸಹಪಾಠಿಗಳು ಎಂಬುದನ್ನೂ ಇಲ್ಲಿ ನೆನೆಯಬೇಕು, ಹಳೆಯ ಸಹಪಾಠಿಯನ್ನು ದಾರಿಗೆ ತಂದ ಹೆಮ್ಮೆ ಆ ಬರಹದ ತುಂಬ ಇದೆ.)

ಇನ್ನು ಮಂಟಪದ ಮಾತು. 1851ರ ಸೆಪ್ಟೆಂಬರ್ 15ರಂದು ಆಗಿನ್ನೂ ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ ಅಡಿಗಲ್ಲಿಟ್ಟ, ಬಾಲ್ತಾರ್ ಮತ್ತು ಅವನ ಹಿರಿಯ ಸಹೋದ್ಯೋಗಿ ಫೆಲಿಕ್ಸ್ ಕಾಲೆ ರೂಪಿಸಿದ ಆ ಕಟ್ಟಡವನ್ನು ಜನ ಮಾರುಕಟ್ಟೆಯ ಕೋಟೆಯೆಂದು ಗೇಲಿಮಾಡಿದರು, ಇತಿಹಾಸಕಾರರು ಆ ಗೇಲಿಯನ್ನೇ ವರ್ಣನೆಯೆಂದು ಬಗೆದರು. ಆದರೆ ಕೋಟೆಯಾಗಿದ್ದದ್ದು ಅದರ ಗೋಡೆ ಮಾತ್ರ. ಆ ಗೋಡೆಗಳ ಒಳಗೆ ಮಾಡನ್ನು ಹೊತ್ತಿದ್ದದ್ದು ಕಬ್ಬಿಣದ ಚೌಕಟ್ಟು. ಹಾಗಿರುವಾಗ 1853ರಲ್ಲಿ ನಡೆದದ್ದನ್ನು ಕಲ್ಲಿನಿಂದ ಕಬ್ಬಿಣಕ್ಕೆ ಆದ ಮತಾಂತರವೆಂದು ಕರೆಯುವುದಕ್ಕಿಂತ, ಒಳಗಿದ್ದ ಕಬ್ಬಿಣಕ್ಕೆ ಹೊದಿಸಿದ್ದ ಕಲ್ಲಿನ ಕವಚವನ್ನು ಕಳಚಿದ ಕ್ರಿಯೆಯೆಂದು ಕರೆಯುವುದೇ ಸರಿ. ಇದು ಪದಗಳ ಜಗಳವಲ್ಲ: ಮತಾಂತರವಾದರೆ ಮತ ಬೋಧಿಸಿದವನೊಬ್ಬ ಬೇಕು, ಕವಚ ಕಳಚುವುದಕ್ಕೆ ಒಳಗಿನ ಅಸ್ಥಿಪಂಜರವನ್ನು ಬಲ್ಲ ವಾಸ್ತುಶಿಲ್ಪಿಯೊಬ್ಬನೇ ಸಾಕು.

ಕಬ್ಬಿಣವಂತೂ ಆ ನೆರೆಹೊರೆಗೆ ಹೊಸದಲ್ಲ. ಮಾರುಕಟ್ಟೆಯ ಪಕ್ಕದಲ್ಲೇ ಇದ್ದ ಧಾನ್ಯದ ಸಗಟು ಕಟ್ಟಡಕ್ಕೆ ಬೆಲಾಂಜೆ ಎಂಬ ವಾಸ್ತುಶಿಲ್ಪಿ ಕಬ್ಬಿಣದ ಗುಮ್ಮಟ ಹೊದಿಸಿದ್ದು 1813ರ ಹೊತ್ತಿಗೆ. 1845ರಲ್ಲಿ ಲೆ ಆಲ್ ಕೆಲಸಕ್ಕೆ ನೇಮಕಗೊಂಡ ಮೇಲೆ ಬಾಲ್ತಾರ್ ಇಂಗ್ಲೆಂಡ್, ಬೆಲ್ಜಿಯಂ, ಹಾಲೆಂಡ್ ಮತ್ತು ಜರ್ಮನ್ ನಾಡುಗಳ ಮಾರುಕಟ್ಟೆಗಳನ್ನು ನೋಡಿಕೊಂಡು ಬಂದಿದ್ದ. ವಾಸ್ತುಶಿಲ್ಪಿ ಎಕ್ತರ್ ಓರೋ 1849ರಲ್ಲೇ ಇದೇ ಜಾಗಕ್ಕೆ ಕಬ್ಬಿಣದ ಯೋಜನೆ ಸಲ್ಲಿಸಿದ್ದನಾದ್ದರಿಂದ ಬಾಲ್ತಾರ್ ಅದನ್ನು ಕದ್ದನೆಂದು ಓರೋನ ಪಕ್ಷಪಾತಿಗಳು ಇಂದಿಗೂ ಗೊಣಗುವುದುಂಟು. ಅವರು ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಶ್ರಮ ತೆಗೆದುಕೊಂಡಂತಿಲ್ಲ. ಓರೋನ ಆಸೆ ನಡುವೆ ಕಂಬವಿಲ್ಲದೆ ವಿಶಾಲ ಜಾಗವನ್ನು ಒಂದೇ ಮಾಡಿನಡಿ ತರುವುದು. ಬಾಲ್ತಾರನದು 6 ಮೀಟರಿನ ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಅಷ್ಟೇ ಅಂತರ, ಅದೂ ವ್ಯಾಪಾರಿಯ ಮಳಿಗೆಯ ಅಳತೆಗೆ ಹೊಂದಿಸಿದ್ದು. ಒಂದು ಕಟ್ಟಡ ರೈಲು ನಿಲ್ದಾಣದ ಮಾಡನ್ನು ಹಂಬಲಿಸುತ್ತದೆ, ಇನ್ನೊಂದು ಸಂತೆಯ ಸಾಲನ್ನು.

ಇಷ್ಟನ್ನೂ ತಿಳಿಸುವ ಆಕರ ಕಣ್ಣೆದುರಿಗೇ ಇದೆ: ಬಾಲ್ತಾರ್ ಮತ್ತು ಕಾಲೆಯ ಹೆಸರಿನಲ್ಲಿ 1863ರಲ್ಲಿ ಹೊರಬಂದ, ಲೆ ಆಲ್ ಕುರಿತ ಚಿತ್ರಪಟಗಳ ಗ್ರಂಥ. (ಕಾಲೆ 1854ರಲ್ಲೇ ತೀರಿಕೊಂಡಿದ್ದ, ಆದರೂ ಬಾಲ್ತಾರ್ ಅವನ ಹೆಸರನ್ನು ಕೈಬಿಡಲಿಲ್ಲ ಎಂಬುದು ಆತ್ಮಕಥನಕಾರನ ಉದಾರತೆಯ ಜೊತೆ ಹೋಲಿಸಿ ನೋಡತಕ್ಕದ್ದು.) ಅದೂ ನಿರ್ಲಿಪ್ತ ದಾಖಲೆಯಲ್ಲ, ನಗರಾಡಳಿತದ ಉನ್ನತ ಹುದ್ದೆಯಲ್ಲಿದ್ದವನು ಚಕ್ರವರ್ತಿಯ ಕಾಲದಲ್ಲೇ ಪ್ರಕಟಿಸಿದ್ದರಿಂದ ಅದರ ಪೀಠಿಕೆಯ ವಿನಯವನ್ನು ಅಳೆದು ತೂಗಿ ಓದಬೇಕು. ಆದರೆ ಪೀಠಿಕೆ ಹೊಗಳಬಹುದು, ಸೀಳುನಕ್ಷೆ ಹೊಗಳಲಾರದು. ಎರಕದ ಕಬ್ಬಿಣದ ಕಂಬಗಳನ್ನು ಟೊಳ್ಳಾಗಿಸಿ ಮಾಡಿನ ಮಳೆನೀರನ್ನು ಅವುಗಳೊಳಗೇ ಇಳಿಸಿರುವುದು, ಕೆಳಗೆ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿ ಅದರ ಮೇಲೆ ಗಾಳಿಯಾಡಲು ಓರೆಪಟ್ಟಿಗಳ ಜಾಲರಿ ಕೂರಿಸಿರುವುದು, ನೆಲಮಾಳಿಗೆಯಲ್ಲಿ ಇಟ್ಟಿಗೆಯ ಕಮಾನುಗಳನ್ನು ಕಬ್ಬಿಣದ ಕಂಬಗಳ ಮೇಲೆ ನಿಲ್ಲಿಸಿರುವುದು, ಇವೆಲ್ಲ ಅಧಿಕಾರಿಯೊಬ್ಬನ ಗದರಿಕೆಯಿಂದ ಹುಟ್ಟುವ ವಿವರಗಳಲ್ಲ. ಚಕ್ರವರ್ತಿಯ ಕೊಡೆ ಮಳೆಯನ್ನು ತಡೆಯುತ್ತಿತ್ತು. ತಡೆದ ನೀರು ಎಲ್ಲಿಗೆ ಹೋಗಬೇಕೆಂದು ಯೋಚಿಸಿದವನು ಬಾಲ್ತಾರ್.

ಯೋಜಿಸಿದ ಹನ್ನೆರಡು ಮಂಟಪಗಳಲ್ಲಿ ಹತ್ತು ಹತ್ತೊಂಬತ್ತನೆಯ ಶತಮಾನದಲ್ಲೇ ಎದ್ದವು. ಹಳೆಯ ಕಲ್ಲಿನ ಮಂಟಪವನ್ನು ಕೆಡವಿದ್ದು 1866ರಲ್ಲಿ, ಅಂದರೆ ಕೋಟೆಯೂ ಕೊಡೆಯೂ ಹಲವು ವರ್ಷ ಒಂದೇ ಮಾರುಕಟ್ಟೆಯಲ್ಲಿ ಅಕ್ಕಪಕ್ಕ ನಿಂತಿದ್ದವು. 1969ರಲ್ಲಿ ಸಗಟು ವ್ಯಾಪಾರ ರ‍್ಯಾಂಜಿಸ್‌ಗೆ ಸ್ಥಳಾಂತರವಾದ ಮೇಲೆ, 1971ರಿಂದ ಮಂಟಪಗಳನ್ನು ಕೆಡವತೊಡಗಿದರು. ಮೊಟ್ಟೆ ಮತ್ತು ಕೋಳಿಯ ವ್ಯಾಪಾರ ನಡೆಯುತ್ತಿದ್ದ ಎಂಟನೆಯ ಮಂಟಪವನ್ನು ಮಾತ್ರ ಬಿಚ್ಚಿ ನೊಜಾಂ-ಸುರ್-ಮಾರ್ನ್‌ನಲ್ಲಿ ಮತ್ತೆ ಜೋಡಿಸಿದ್ದಾರೆ. ಅಲ್ಲಿಗೆ ಹೋದದ್ದು ನೆಲದ ಮೇಲಿನ ಭಾಗವಷ್ಟೇ. ಕಂಬದೊಳಗಿಂದ ಇಳಿದ ನೀರು ಸೇರುತ್ತಿದ್ದ ಕೆಳಗಿನ ಲೋಕವನ್ನು ಇಡಿಯಾಗಿ ನೋಡಬೇಕಾದವರು 1863ರ ಚಿತ್ರಪಟಗಳನ್ನೇ ತೆರೆಯಬೇಕು.