ಮುಂಬೈ ಟ್ರಸ್ಟ್ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಮೀಸಲು ಬೆಡ್: ಯಾರಿಗೆ ಸಿಗುತ್ತದೆ, ದೂರು ಎಲ್ಲಿ ಕೊಡಬೇಕು?

ಮುಂಬೈ: ಲೀಲಾವತಿ, ಜಸ್ಲೋಕ್, ಹಿಂದೂಜಾ, ಬಾಂಬೆ ಹಾಸ್ಪಿಟಲ್. ಈ ಹೆಸರುಗಳನ್ನು ಕೇಳಿದರೆ ಸಾಕು, ಬಿಲ್ಲಿನ ಚಿಂತೆಯಲ್ಲೇ ಬಡ ಕುಟುಂಬಗಳು ಹಿಂದೆ ಸರಿಯುತ್ತವೆ. ಆದರೆ ಇವೆಲ್ಲ ಸಾರ್ವಜನಿಕ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳು. ಮಹಾರಾಷ್ಟ್ರದ ಕಾನೂನಿನ ಪ್ರಕಾರ ಇಂಥ ಆಸ್ಪತ್ರೆಗಳ ಪ್ರತಿ 100 ಬೆಡ್‌ಗಳಲ್ಲಿ 20 ಬಡವರಿಗೆ ಮೀಸಲು. ಇದು ಆಸ್ಪತ್ರೆ ತೋರುವ ದಯೆಯಲ್ಲ, ರೋಗಿಯ ಹಕ್ಕು. ಆದರೆ ಕೇಳಿದವರಿಗೆ ಮಾತ್ರ ಸಿಗುವ ಹಕ್ಕು.

ಇಂಗ್ಲೆಂಡ್‌ನಲ್ಲಿ ರೋಗಿಗಳ ಪರವಾಗಿ ಮಾತನಾಡಲೆಂದೇ 'ಹೆಲ್ತ್‌ವಾಚ್' ಎಂಬ ಸಾರ್ವಜನಿಕ ಸಂಸ್ಥೆಯನ್ನು ಸ್ಥಾಪಿಸಲಾಗಿತ್ತು. ಮುಂಬೈನಲ್ಲಿ ಅಂಥ ಒಂದೇ ಸಂಸ್ಥೆ ಇಲ್ಲ. ದೂರಿನ ಸ್ವರೂಪ ನೋಡಿ ಬೇರೆ ಬೇರೆ ಬಾಗಿಲು ತಟ್ಟಬೇಕು. ಟ್ರಸ್ಟ್ ಆಸ್ಪತ್ರೆಗಳ ಮಟ್ಟಿಗೆ ಆ ಬಾಗಿಲು ವರ್ಲಿಯಲ್ಲಿರುವ ಚಾರಿಟಿ ಕಮಿಷನರ್, ಅಂದರೆ ಧರ್ಮಾದಾಯ ಆಯುಕ್ತರ ಕಚೇರಿ.

ಯೋಜನೆ ಬಂದದ್ದು ಹೇಗೆ?

1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಂ ಟ್ರಸ್ಟ್ ಆಸ್ಪತ್ರೆಗಳು ಬಡವರಿಗೆ ಬೆಡ್ ಮೀಸಲಿಡಬೇಕೆಂದು ಹೇಳುತ್ತದೆ. ಅದು ಸರಿಯಾಗಿ ಜಾರಿಯಾಗುತ್ತಿಲ್ಲವೆಂದು 2004ರಲ್ಲಿ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. 2006ರ ಆಗಸ್ಟ್ 17ರಂದು ಹೈಕೋರ್ಟ್ ಸವಿವರವಾದ ಯೋಜನೆಗೆ ಒಪ್ಪಿಗೆ ನೀಡಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು.

ಯಾರಿಗೆ, ಏನು ಸಿಗುತ್ತದೆ?

ನಿರ್ಗತಿಕರು: ವಾರ್ಷಿಕ ಕುಟುಂಬ ಆದಾಯ 1.80 ಲಕ್ಷ ರೂಪಾಯಿಯೊಳಗಿದ್ದವರಿಗೆ ಶೇ. 10ರಷ್ಟು ಬೆಡ್ ಮೀಸಲು. ಇವರಿಗೆ ಚಿಕಿತ್ಸೆ ಸಂಪೂರ್ಣ ಉಚಿತ.

ದುರ್ಬಲ ವರ್ಗದವರು: ಆದಾಯ 3.60 ಲಕ್ಷ ರೂಪಾಯಿಯೊಳಗಿದ್ದವರಿಗೆ ಇನ್ನೂ ಶೇ. 10ರಷ್ಟು ಬೆಡ್. ಇವರಿಗೆ ರಿಯಾಯಿತಿ ದರ ಅನ್ವಯಿಸುತ್ತದೆ. ಔಷಧಿ ಮತ್ತು ಇಂಪ್ಲಾಂಟ್‌ಗಳನ್ನು ಆಸ್ಪತ್ರೆ ತಾನು ಖರೀದಿಸಿದ ಬೆಲೆಗೇ ಲೆಕ್ಕ ಹಾಕಬೇಕು. ಅದರಲ್ಲಿ ಕನಿಷ್ಠ ಅರ್ಧದಷ್ಟನ್ನು ರೋಗಿ ಭರಿಸಬೇಕು.

ಈ ಖರ್ಚಿಗೆ ಹಣ ಎಲ್ಲಿಂದ? ಉಳಿದ ರೋಗಿಗಳಿಂದ ಬರುವ ಒಟ್ಟು ಬಿಲ್ಲಿನ ಶೇ. 2ರಷ್ಟನ್ನು ಆಸ್ಪತ್ರೆ 'ಬಡ ರೋಗಿಗಳ ನಿಧಿ'ಗೆ ಪ್ರತ್ಯೇಕವಾಗಿ ಜಮಾ ಮಾಡಬೇಕು. ಹೀಗಾಗಿ 'ಬೆಡ್ ಇದೆ, ನಿಧಿಯಲ್ಲಿ ಹಣವಿಲ್ಲ' ಎಂಬ ಉತ್ತರ ಬಂದರೆ ನಿಧಿಯ ಲೆಕ್ಕದ ಬಗ್ಗೆ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬಹುದು.

ತುರ್ತು ಸಂದರ್ಭದಲ್ಲಿ ಡೆಪಾಸಿಟ್ ಕೇಳುವಂತಿಲ್ಲ

ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಟ್ರಸ್ಟ್ ಆಸ್ಪತ್ರೆ ಕೂಡಲೇ ದಾಖಲಿಸಿಕೊಂಡು, ಸ್ಥಿತಿ ಸುಧಾರಿಸುವವರೆಗೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು. ದಾಖಲಾತಿಗೆ ಡೆಪಾಸಿಟ್ ಕೇಳಬಾರದು. ಅಗತ್ಯಬಿದ್ದರೆ ಬಳಿಕ ಸರ್ಕಾರಿ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆಯನ್ನೂ ಅದೇ ಮಾಡಬೇಕು. 2025ರ ಏಪ್ರಿಲ್‌ನಲ್ಲಿ ಪುಣೆಯ ಟ್ರಸ್ಟ್ ಆಸ್ಪತ್ರೆಯೊಂದು ಗರ್ಭಿಣಿಯ ಕುಟುಂಬದಿಂದ ಭಾರಿ ಮೊತ್ತದ ಡೆಪಾಸಿಟ್ ಕೇಳಿತೆಂಬ ಆರೋಪ, ಆಕೆಯ ಸಾವಿನ ಬಳಿಕ ರಾಜ್ಯವ್ಯಾಪಿ ಆಕ್ರೋಶಕ್ಕೆ ಕಾರಣವಾಗಿತ್ತು.

ಪಡೆಯುವುದು ಹೇಗೆ?

ತಹಸೀಲ್ದಾರರ ಆದಾಯ ಪ್ರಮಾಣಪತ್ರ, ಇಲ್ಲವೇ ಬಡತನ ರೇಖೆಗಿಂತ ಕೆಳಗಿನವರ ಪಡಿತರ ಚೀಟಿ ಮುಖ್ಯ ದಾಖಲೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ 'ಮೆಡಿಕಲ್ ಸೋಶಿಯಲ್ ವರ್ಕರ್' ಅವರನ್ನು ಭೇಟಿಯಾಗಿ ಅರ್ಜಿ ಕೊಡಬೇಕು. ಬಿಲ್ ಬಂದ ಮೇಲಲ್ಲ, ದಾಖಲಾಗುವಾಗಲೇ ಕೇಳುವುದು ಒಳ್ಳೆಯದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡುವಂತೆ ಕೇಳಿ. ಆಯುಕ್ತರ ಕಚೇರಿಗೆ ಹೋದಾಗ ಆ ಕಾಗದವೇ ಆಧಾರ.

ಬೇರೆ ದೂರುಗಳಿಗೆ ಬೇರೆ ಬಾಗಿಲು

ಖಾಸಗಿ ನರ್ಸಿಂಗ್ ಹೋಮ್: ನೋಂದಣಿ ನೀಡುವುದು ಮುಂಬೈ ಮಹಾನಗರ ಪಾಲಿಕೆ. 2021ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ರೋಗಿಗಳ ಹಕ್ಕುಗಳ ಸನ್ನದು ಮತ್ತು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ದೂರನ್ನು ವಾರ್ಡ್‌ನ ಆರೋಗ್ಯಾಧಿಕಾರಿಗೆ ಕೊಡಬಹುದು.

ಪಾಲಿಕೆಯ ಆಸ್ಪತ್ರೆ: ಕೆಇಎಂ, ನಾಯರ್, ಸಯಾನ್, ಕೂಪರ್ ಆಸ್ಪತ್ರೆಗಳಲ್ಲಿ ಡೀನ್ ಕಚೇರಿಗೆ ದೂರು ಕೊಡಬಹುದು. ಪಾಲಿಕೆಯ ಸಹಾಯವಾಣಿ 1916.

ವೈದ್ಯರ ನಡತೆ: ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು. ರೋಗಿ ಕೇಳಿದ 72 ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡಬೇಕೆಂಬುದು ವೈದ್ಯರ ನೀತಿಸಂಹಿತೆಯಲ್ಲೇ ಇದೆ.

ಪರಿಹಾರ ಬೇಕಿದ್ದರೆ: ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಉಚಿತ ಚಿಕಿತ್ಸೆ ಪಡೆದವರಿಗೆ ಈ ಹಕ್ಕಿಲ್ಲ ಎಂಬ ತಪ್ಪು ಕಲ್ಪನೆ ಇದೆ. ಆಸ್ಪತ್ರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಸೇವೆ ನೀಡುತ್ತಿದ್ದರೆ ಉಚಿತ ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಮೀಸಲು ಬೆಡ್‌ನಲ್ಲಿ ಚಿಕಿತ್ಸೆ ಪಡೆದವರಿಗೂ ಇದು ಅನ್ವಯಿಸುತ್ತದೆ.

ಕರ್ನಾಟಕದಲ್ಲಿ ಹೇಗೆ?

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪರಿಹಾರ ಪ್ರಾಧಿಕಾರವನ್ನು ಪ್ರತಿ ಜಿಲ್ಲೆಗೂ ಒದಗಿಸಲಾಗಿದೆ. ಖಾಸಗಿ ಆಸ್ಪತ್ರೆಯ ವಿರುದ್ಧದ ದೂರಿಗೆ ಅಲ್ಲಿ ಒಂದು ವಿಳಾಸವಿದೆ. ಮುಂಬೈನಲ್ಲಿ ಮೊದಲು ತಿಳಿಯಬೇಕಾದದ್ದು ಆಸ್ಪತ್ರೆ ಟ್ರಸ್ಟಿನದೋ, ಖಾಸಗಿಯದೋ, ಪಾಲಿಕೆಯದೋ ಎಂಬುದು. ಯಾವ ಬಾಗಿಲಿಗೆ ಹೋಗಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ.