ಕಡಲೆಕಾಯಿಯ ಜಿಡ್ಡು ಮತ್ತು ಕೃಶಶಿಶುಗಳ ಆಹಾರ

ಶಿಶುಗಳ ನ್ಯೂನಪೋಷಣೆಯ ಚಿಕಿತ್ಸೆಯಲ್ಲಿ ಸಸಾರಜನಕಕ್ಕೆ, ಅಂದರೆ ಪ್ರೋಟೀನಿಗೆ, ಬಹುಕಾಲ ಅಗ್ರಪೂಜೆ ಸಂದಿತು. ಇದಕ್ಕೆ ನಾಂದಿಯಾದುದು ಇಂದಿನ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು ಕಂಡು, 1933ರಲ್ಲಿ ವರ್ಣಿಸಿದ ವ್ಯಾಧಿ. ಮತ್ತೊಂದು ಕೂಸು ಹುಟ್ಟಿ ಎದೆಹಾಲು ತಪ್ಪಿದ ಮಗುವಿಗೆ ಬರುವುದರಿಂದ ಅಲ್ಲಿಯ ಗಾ ಜನರು ಇದನ್ನು ಕ್ವಾಶಿಯೋರ್ಕರ್ ಎನ್ನುತ್ತಿದ್ದರು. ಮೈ ಬಾತು ಚರ್ಮ ಸುಲಿಯುವ ಈ ರೋಗಕ್ಕೆ ಸಸಾರಜನಕದ ಅಭಾವವೇ ಮೂಲವೆಂದು ಪಂಡಿತರು ನಿರ್ಣಯಿಸಿದರು.

1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಈ ಕೊರತೆಯನ್ನು ತುಂಬಲೆಂದೇ ‘ಬಹೂಪಯೋಗಿ ಆಹಾರ’ವನ್ನು ರೂಪಿಸಿತು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆಯ ಹಿಟ್ಟು ಕಾಲು ಪಾಲು. ಜೊತೆಗೆ ಸುಣ್ಣದ ಅಂಶ ಮತ್ತು ಜೀವಸತ್ವಗಳು. ಹಾಲು ದುರ್ಲಭವಾದ ನಾಡಿಗೆ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಕಡಲೆಕಾಯಿಯ ಎಣ್ಣೆಯೊಡನೆ ಅದರ ಶಕ್ತಿಯ ಬಹುಭಾಗವೂ ಬೇರೆಡೆಗೆ ಹರಿದುಹೋಗಿತ್ತೆಂಬುದು ಆಗ ದೋಷವೆನಿಸಲಿಲ್ಲ.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಪ್ರಮುಖರು. ಊದಿಕೊಂಡ ಮಕ್ಕಳೂ ಎಲುಬು ಕಾಣುವಂತೆ ಸೊರಗಿದ ಮಕ್ಕಳೂ ಉಣ್ಣುತ್ತಿದ್ದ ಆಹಾರದಲ್ಲಿ ಗಣ್ಯವಾದ ಭೇದವನ್ನು ಅವರು ಕಾಣಲಿಲ್ಲ. ಧಾನ್ಯ ಬೇಳೆಗಳ ಊಟ ಹೊಟ್ಟೆತುಂಬ ದೊರೆತರೆ ಸಸಾರಜನಕ ತಾನಾಗಿ ಒದಗುವುದು. ಊಟವೇ ಸಾಲದಾಗ ದೇಹವು ಆ ಸಸಾರಜನಕವನ್ನೂ ಸೌದೆಯಂತೆ ಉರಿಸಿಬಿಡುವುದು. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೋಧಿಹಿಟ್ಟು, ಸಕ್ಕರೆ, ಎಣ್ಣೆಗಳ ಸಿಹಿತಿಂಡಿಯನ್ನು ಹಳ್ಳಿಯ ಮಕ್ಕಳಿಗೆ ಕೊಡಲಾಯಿತು. ಅದರಲ್ಲಿ 310 ಕೆಲೊರಿ ಶಕ್ತಿಯಿದ್ದರೆ ಸಸಾರಜನಕ ಕೇವಲ 3 ಗ್ರಾಂ. ಆದರೂ ತಿಂಡಿ ದೊರೆಯದ ಮಕ್ಕಳಿಗಿಂತ ಇವರು ತೂಕದಲ್ಲಿಯೂ ಎತ್ತರದಲ್ಲಿಯೂ ಮುಂದಾದರು. ಮರುವರ್ಷವೇ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಸಾರಜನಕದ ಭ್ರಮೆಯನ್ನು ಕಟುವಾಗಿ ಖಂಡಿಸಿದರು.

ಮಗುವಿನ ಹೊಟ್ಟೆ ಚಿಕ್ಕದು. ಹಿಟ್ಟು ನೀರು ಹೀರಿ ಉಬ್ಬುವುದರಿಂದ ಬಟ್ಟಲು ಗಂಜಿಯಲ್ಲಿ ಶಕ್ತಿ ಅತ್ಯಲ್ಪ. ಒಂದು ಗ್ರಾಂ ಜಿಡ್ಡು 9 ಕೆಲೊರಿ ಕೊಟ್ಟರೆ ಪಿಷ್ಟವಾಗಲಿ ಸಸಾರಜನಕವಾಗಲಿ ಕೊಡುವುದು ನಾಲ್ಕೇ. ರಾಗಿ ಸರಿಗೆ ತುಪ್ಪ ಬೆಲ್ಲ ಬೆರೆಸುವ ಅಜ್ಜಿಯರಿಗೆ ಈ ಗಣಿತ ಬೇಕಾಗಿರಲಿಲ್ಲ. ಬೇಕಾದುದು ತುಪ್ಪ, ಬಡವರ ಮನೆಯಲ್ಲಿ ಇಲ್ಲದುದೂ ಅದೇ.

1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಕಡಲೆಕಾಯಿಯನ್ನು ಎಣ್ಣೆಯ ಸಮೇತ ಅರೆದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಲವಣ ಮತ್ತು ಜೀವಸತ್ವಗಳನ್ನು ಕೂಡಿಸಿ ಮೆತ್ತನೆಯ ಲೇಹ್ಯವೊಂದನ್ನು ಸಿದ್ಧಗೊಳಿಸಿದರು. ಇದರ 92 ಗ್ರಾಂ ಪೊಟ್ಟಣದಲ್ಲಿ ಸುಮಾರು 500 ಕೆಲೊರಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜಿಡ್ಡಿನದೇ. ನೀರು ಬೆರೆಸಬೇಕಿಲ್ಲವಾದ್ದರಿಂದ ಕಲುಷಿತ ನೀರಿನ ಭಯವೂ ಕಡಿಮೆ. ತೀವ್ರವಾಗಿ ಸೊರಗಿದ್ದರೂ ಹಸಿವುಳ್ಳ, ಅನ್ಯ ತೊಡಕುಗಳಿಲ್ಲದ ಮಗುವಿಗೆ ಇಂತಹ ಆಹಾರದಿಂದ ಮನೆಯಲ್ಲಿಯೇ ಚಿಕಿತ್ಸೆ ನಡೆಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಮೊದಲಾದ ಸಂಸ್ಥೆಗಳೂ 2007ರಲ್ಲಿ ಒಟ್ಟಾಗಿ ಸಾರಿದವು.